ಯೋಮ್ ಗಿಮೆಲ್ ಎಂದರೆ ಯಾವ ವಾರ? ಹೀಬ್ರೂನಲ್ಲಿ ದಿನ, ತಾರೀಖು, ಋತುಗಳ ಮಾತು

ಇಸ್ರೇಲಿಗೆ ಕೆಲಸಕ್ಕೆ ಹೋದವರು ಶಾಲೋಮ್, ತೋದಾ, ಬೆವಕಶಾಗಳನ್ನು ಬೇಗ ಕಲಿತುಬಿಡುತ್ತಾರೆ. ಅಡುಗೆಮನೆಯ ಮಾತು, ಮಾತ್ರೆ ಔಷಧಿಯ ಮಾತು ಕಿವಿಗೆ ಬೀಳುತ್ತಾ ಬೀಳುತ್ತಾ ತಾನಾಗಿಯೇ ಬರುತ್ತದೆ. ಸಿಕ್ಕಿಹಾಕಿಕೊಳ್ಳುವುದು ತಾರೀಖಿನಲ್ಲಿ. ನೀವು ನೋಡಿಕೊಳ್ಳುತ್ತಿರುವ ಅಜ್ಜಿಗೆ ಡಾಕ್ಟರ ಕಡೆಯಿಂದ ಫೋನ್ ಬಂತು ಅನ್ನಿ. ಆ ಕಡೆಯವರು ಸರಸರ ಹೇಳುತ್ತಾರೆ: “ಯೋಮ್ ಗಿಮೆಲ್, ಬ-ಶ್ಲಿಶಿ ಲ-ಅಖದ್ ಅಸಾರ್.” ಕೇಳಿದ್ದೆಲ್ಲ ಸಂಖ್ಯೆಯೇ. ಅದರಲ್ಲಿ ವಾರ ಯಾವುದು, ತಾರೀಖು ಯಾವುದು, ತಿಂಗಳು ಯಾವುದು? ಅವರು ಹೇಳಿದ್ದು ಇಷ್ಟೇ: ಮಂಗಳವಾರ, ನವೆಂಬರ್ 3.

ಮಂಗಳೂರು, ಉಡುಪಿ ಕಡೆಯಿಂದ ಹಿರಿಯರ ಆರೈಕೆಯ ಕೆಲಸಕ್ಕೆ ಅಲ್ಲಿಗೆ ಹೋದವರು ಬಹಳ ಜನ. ಓದಲು ಹೋದವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹೀಬ್ರೂವನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಾರೆ, ಏಕೆಂದರೆ ಪುಸ್ತಕ, ಆ್ಯಪ್ ಎಲ್ಲ ಇರುವುದು ಹಾಗೆಯೇ. ದಿನ, ತಾರೀಖು, ಹವೆಯ ವಿಷಯದಲ್ಲಿ ಮಾತ್ರ ಈ ದಾರಿ ಸುತ್ತುಬಳಸು ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಹೀಬ್ರೂ ವಾಕ್ಯ ಕನ್ನಡದ ವಾಕ್ಯಕ್ಕೆ ತೀರ ಹತ್ತಿರ. ಅದರ ಹಳೆಯ ಪಂಚಾಂಗ ನಮ್ಮ ಪಂಚಾಂಗಕ್ಕೆ ಇನ್ನೂ ಹತ್ತಿರ. ನಡುವೆ ಇಂಗ್ಲಿಷನ್ನು ಇಟ್ಟುಕೊಂಡರೆ ಇಲ್ಲದ ತೊಡಕು ಹುಟ್ಟುತ್ತದೆ.

ಉಚ್ಚಾರದ ಬಗ್ಗೆ ಎರಡು ಮಾತು. ಈ ಲೇಖನದಲ್ಲಿ ‘ಖ’ ಎಂದು ಬರೆದಲ್ಲೆಲ್ಲ ಗಂಟಲನ್ನು ಉಜ್ಜಿಕೊಂಡು ಬರುವ, ಉರ್ದುವಿನ ಖಬರ್, ಖುದಾ ಪದಗಳಲ್ಲಿರುವ ಸದ್ದು ಎಂದು ತಿಳಿಯಿರಿ. ಹೀಬ್ರೂನಲ್ಲಿ ಒತ್ತು ಸಾಮಾನ್ಯವಾಗಿ ಪದದ ಕೊನೆಯ ಅಕ್ಷರದ ಮೇಲೆ ಬೀಳುತ್ತದೆ. ನಾವು ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ರೂಢಿ, ಹಾಗಾಗಿ ಪದ ಸರಿಯಿದ್ದರೂ ಕೇಳುವವರು ಮುಖ ನೋಡುತ್ತಾರೆ.

ವಾರಕ್ಕೆ ಹೆಸರಿಲ್ಲ, ಸಂಖ್ಯೆ ಇದೆ

ನಮ್ಮ ವಾರಗಳಿಗೆ ಗ್ರಹಗಳ ಹೆಸರು. ಹೀಬ್ರೂನಲ್ಲಿ ಬೈಬಲಿನ ಆದಿಕಾಂಡದ ಸೃಷ್ಟಿಯ ಕಥೆಯ ಕ್ರಮ: ಮೊದಲನೆಯ ದಿನ, ಎರಡನೆಯ ದಿನ, ಹೀಗೆ. ಏಳನೆಯದಕ್ಕೆ ಮಾತ್ರ ಸ್ವಂತ ಹೆಸರು, ಶಬಾತ್. ಯೋಮ್ ಎಂದರೆ ದಿನ.

1. ಭಾನುವಾರ: ಯೋಮ್ ರಿಶೋನ್, ಅಥವಾ ಯೋಮ್ ಅಲೆಫ್
2. ಸೋಮವಾರ: ಯೋಮ್ ಶೆನಿ, ಅಥವಾ ಯೋಮ್ ಬೇತ್
3. ಮಂಗಳವಾರ: ಯೋಮ್ ಶ್ಲಿಶಿ, ಅಥವಾ ಯೋಮ್ ಗಿಮೆಲ್
4. ಬುಧವಾರ: ಯೋಮ್ ರೆವಿಯಿ, ಅಥವಾ ಯೋಮ್ ದಾಲೆತ್
5. ಗುರುವಾರ: ಯೋಮ್ ಖಮಿಶಿ, ಅಥವಾ ಯೋಮ್ ಹೇ
6. ಶುಕ್ರವಾರ: ಯೋಮ್ ಶಿಶಿ, ಅಥವಾ ಯೋಮ್ ವಾವ್
7. ಶನಿವಾರ: ಶಬಾತ್

ಎರಡನೆಯ ಹೆಸರುಗಳು ಹೀಬ್ರೂ ವರ್ಣಮಾಲೆಯ ಅಕ್ಷರಗಳು. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯಾಮೌಲ್ಯ ಇದೆ. ಅಲೆಫ್ ಎಂದರೆ ಒಂದು, ಬೇತ್ ಎಂದರೆ ಎರಡು. ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳ ಹೆಸರಿನಲ್ಲಿ ಕಟಪಯಾದಿ ಸೂತ್ರವನ್ನು ಕಂಡವರಿಗೆ ಅಕ್ಷರದಲ್ಲಿ ಸಂಖ್ಯೆ ಅಡಗಿರುವುದು ಹೊಸದಲ್ಲ. ಅಂಗಡಿಯ ಬಾಗಿಲಿನ ಫಲಕ, ಕ್ಲಿನಿಕ್ಕಿನ ಸಮಯಪಟ್ಟಿ, ಮೊಬೈಲಿನ ಸಂದೇಶಗಳಲ್ಲಿ ಇರುವುದು ಈ ಅಕ್ಷರಗಳೇ. ಆದ್ದರಿಂದ ಎರಡೂ ಹೆಸರನ್ನು ಒಟ್ಟಿಗೇ ಬಾಯಿಪಾಠ ಮಾಡಿ.

ಎಚ್ಚರಿಕೆ: ಶ್ಲಿಶಿ ಮಂಗಳವಾರ, ಶಿಶಿ ಶುಕ್ರವಾರ. ಫೋನಿನಲ್ಲಿ ಆ ‘ಲ’ಕಾರ ನುಂಗಿಹೋಗುತ್ತದೆ. ಈ ಎರಡರಲ್ಲಿ ಯಾವುದನ್ನೇ ಕೇಳಿದರೂ “ಗಿಮೆಲ್ ಓ ವಾವ್?” ಎಂದು ತಿರುಗಿ ಕೇಳಿ. ‘ಓ’ ಎಂದರೆ ಅಥವಾ.

ಕೆಲಸದ ವಾರ ಭಾನುವಾರ ಶುರು, ಸಾಮಾನ್ಯವಾಗಿ ಗುರುವಾರಕ್ಕೆ ಮುಗಿಯುತ್ತದೆ. ಶುಕ್ರವಾರ ಅಂಗಡಿಗಳು ಮಧ್ಯಾಹ್ನಕ್ಕೇ ಮುಚ್ಚತೊಡಗುತ್ತವೆ. ಬಹುತೇಕ ಊರುಗಳಲ್ಲಿ ಶಬಾತ್ ಮುಗಿಯುವವರೆಗೆ ಬಸ್ಸು, ರೈಲು ಇಲ್ಲ. ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಅಲ್ಲಿ ದುಡಿಯುವವರು ಭಾನುವಾರ ಬಿಡುವಿಲ್ಲದೆ ಶನಿವಾರವೇ ಪೂಜೆಗೆ ಹೋಗುವುದುಂಟು.

ದಿನ ಹುಟ್ಟುವುದು ಸಂಜೆ

ನಮಗೆ ಸೂರ್ಯೋದಯದಿಂದ ದಿನ. ಯಹೂದಿ ಲೆಕ್ಕದಲ್ಲಿ ಸೂರ್ಯ ಮುಳುಗಿದಾಗ ಮರುದಿನ ಹುಟ್ಟುತ್ತದೆ. ಸೃಷ್ಟಿಯ ಕಥೆಯಲ್ಲೂ ಸಾಯಂಕಾಲ ಮೊದಲು, ಪ್ರಾತಃಕಾಲ ಆಮೇಲೆ. ಹಾಗಾಗಿ ಲೇಲ್ ಶಬಾತ್ ಎಂದರೆ ‘ಶಬಾತಿನ ರಾತ್ರಿ’ ಆದರೂ ಅದು ಶುಕ್ರವಾರದ ರಾತ್ರಿ. ಶನಿವಾರ ಕತ್ತಲಾದ ಮೇಲಿನ ಹೊತ್ತಿಗೆ ಬೇರೆ ಹೆಸರಿದೆ: ಮೋತ್ಸಾಯೇ ಶಬಾತ್, ಶಬಾತ್ ಹೊರಟುಹೋಗುವ ಹೊತ್ತು. ಬಿಡುವಿನ ದಿನ ಮುಗಿಸಿ ಮನೆಗೆ ಯಾವಾಗ ಬರಬೇಕೆಂದು ಮಾತಾಗುವಾಗ ಈ ಪದ ತಪ್ಪದೆ ಬರುತ್ತದೆ. ಎರೆವ್ ಎಂದರೆ ಸಂಜೆ, ಹಬ್ಬದ ಹಿಂದಿನ ದಿನವೂ ಹೌದು. ಎರೆವ್ ಖಾಗ್ ಎಂದು ಫಲಕ ಹಾಕಿದ್ದರೆ ಅವತ್ತು ಅಂಗಡಿ ಬೇಗ ಮುಚ್ಚುತ್ತದೆ ಎಂದೇ ಅರ್ಥ.

ಉಳಿದ ವಾರಗಳಲ್ಲಿ ‘ರಾತ್ರಿ’ ಎನ್ನುವಾಗ ಗೊಂದಲ ಬೇಡವೆಂದರೆ ವಾರ ಮೊದಲು, ಹೊತ್ತು ಆಮೇಲೆ ಹೇಳಿ. ಯೋಮ್ ಖಮಿಶಿ ಬ-ಎರೆವ್, ಅಂದರೆ ಗುರುವಾರ ಸಂಜೆ. ಇದು ಯಾರಿಗೂ ತಪ್ಪಾಗಿ ಕೇಳುವುದಿಲ್ಲ.

ತಾರೀಖು ಹೇಳುವ ಎರಡು ದಾರಿ

ಅಲ್ಲಿ ನಿತ್ಯದ ವ್ಯವಹಾರವೆಲ್ಲ ನಾವು ಬಳಸುವ ಕ್ಯಾಲೆಂಡರಿನಲ್ಲೇ. ತಿಂಗಳ ಹೆಸರುಗಳೂ ಗುರುತು ಸಿಗುವಂಥವು: ಯನುವಾರ್, ಫೆಬ್ರುವಾರ್, ಮೆರ್ತ್ಸ್, ಅಪ್ರಿಲ್, ಮಾಯ್, ಯುನಿ, ಯುಲಿ, ಓಗುಸ್ತ್, ಸೆಪ್ತೆಂಬೆರ್, ಓಕ್ತೋಬೆರ್, ನೋವೆಂಬೆರ್, ದೆತ್ಸೆಂಬೆರ್. ಬರೆಯುವಾಗ ನಮ್ಮಂತೆಯೇ ದಿನ ಮೊದಲು, ತಿಂಗಳು ಆಮೇಲೆ, ನಡುವೆ ಚುಕ್ಕಿ: 3.11.2026. ಹೀಬ್ರೂ ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ಎಡದಿಂದ ಬಲಕ್ಕೇ ಓದಬೇಕು.

ಹೇಳುವುದು ಹೀಗೆ:

1. ತಿಂಗಳ ಹೆಸರು ಹಿಡಿದು: ಶ್ಲೋಶಾ ಬೆ-ನೋವೆಂಬೆರ್. ‘ನವೆಂಬರಿನಲ್ಲಿ ಮೂರು’. ಕನ್ನಡ ‘-ಅಲ್ಲಿ’ಯನ್ನು ಪದದ ಕೊನೆಗೆ ಅಂಟಿಸುತ್ತದೆ, ಹೀಬ್ರೂ ‘ಬೆ-’ಯನ್ನು ಮುಂದಕ್ಕೆ ಅಂಟಿಸುತ್ತದೆ. ಬೇರೆ ಬಿಡಿಪದ ಇಲ್ಲ.

2. ತಿಂಗಳನ್ನೂ ಸಂಖ್ಯೆ ಮಾಡಿ: ಹ-ಶ್ಲಿಶಿ ಲ-ಅಖದ್ ಅಸಾರ್. ‘ಹನ್ನೊಂದರ ಮೂರನೆಯದು’. ಕಚೇರಿ, ಬ್ಯಾಂಕು, ಕ್ಲಿನಿಕ್‌ಗಳ ಮಾತು ಇದೇ.

ಎರಡನೆಯ ದಾರಿಗೆ ಒಂದರಿಂದ ಹತ್ತರವರೆಗಿನ ‘ನೆಯ’ ರೂಪಗಳು ಬೇಕು: ರಿಶೋನ್, ಶೆನಿ, ಶ್ಲಿಶಿ, ರೆವಿಯಿ, ಖಮಿಶಿ, ಶಿಶಿ, ಶ್ವಿಯಿ, ಶ್ಮಿನಿ, ತ್ಶಿಯಿ, ಅಸಿರಿ. ವಾರದ ಹೆಸರು ಕಲಿತಾಗಲೇ ಆರು ಬಂದಾಯಿತು. ಹತ್ತರಾಚೆ ಪ್ರತ್ಯೇಕ ರೂಪವಿಲ್ಲ, ಬರಿಯ ಸಂಖ್ಯೆಯೇ ಸಾಕು. ಲ-ಅಖದ್ ಅಸಾರ್ ಎಂದರೆ ನವೆಂಬರ್, ಲ-ಶ್ನೇಮ್ ಅಸಾರ್ ಎಂದರೆ ಡಿಸೆಂಬರ್.

ಫೋನಿನಲ್ಲಿ ತಾರೀಖು ಕೇಳಿದಾಗ ಅವರು ಒಂದು ದಾರಿಯಲ್ಲಿ ಹೇಳಿದ್ದನ್ನು ನೀವು ಇನ್ನೊಂದು ದಾರಿಯಲ್ಲಿ ತಿರುಗಿ ಹೇಳಿ. ಅವರು “ಬ-ಅಸಿರಿ ಲ-ಶ್ನೇಮ್ ಅಸಾರ್” ಎಂದರೆ ನೀವು “ಯೋಮ್ ಖಮಿಶಿ, ಅಸಾರಾ ಬೆ-ದೆತ್ಸೆಂಬೆರ್, ನಖೋನ್?” ಎನ್ನಿ. ನಖೋನ್ ಎಂದರೆ ಸರಿ ತಾನೇ. 2026ರ ಡಿಸೆಂಬರ್ 10 ಗುರುವಾರವೇ; ವಾರ ಮತ್ತು ತಾರೀಖು ಒಂದನ್ನೊಂದು ಕಾಯುತ್ತವೆ. ಕೇಳಿದ್ದನ್ನೇ ಗಿಳಿಪಾಠ ಒಪ್ಪಿಸಿದರೆ ನೀವು ತಪ್ಪು ತಿಳಿದಿದ್ದೀರೆಂದು ಆ ಕಡೆಯವರಿಗೆ ಗೊತ್ತಾಗುವ ದಾರಿಯಿಲ್ಲ. ಅರ್ಥವಾಗದಿದ್ದರೆ “ಓದ್ ಪಾಮ್, ಲೆಆತ್, ಬೆವಕಶಾ” ಎನ್ನಿ: ಇನ್ನೊಮ್ಮೆ, ನಿಧಾನವಾಗಿ, ದಯವಿಟ್ಟು.

ಗಂಡು ಸಂಖ್ಯೆ, ಹೆಣ್ಣು ಸಂಖ್ಯೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಹೀಬ್ರೂನಲ್ಲಿ ಪ್ರತಿಯೊಂದು ನಾಮಪದಕ್ಕೂ ಲಿಂಗವಿದೆ, ಸಂಖ್ಯೆ ಅದಕ್ಕೆ ಹೊಂದಿಕೊಂಡು ಬದಲಾಗುತ್ತದೆ. ಕೇಳಿದರೆ ಗಾಬರಿ. ಆದರೆ ಕನ್ನಡಿಗರು ಇಂಥದ್ದನ್ನು ದಿನವೂ ಮಾಡುತ್ತಾರೆ: ಮೂರು ಮರ ಎನ್ನುತ್ತೇವೆ, ಮೂವರು ಹೆಂಗಸರು ಎನ್ನುತ್ತೇವೆ. ಎಣಿಸುವ ವಸ್ತು ಯಾವುದು ಎಂಬುದರ ಮೇಲೆ ಸಂಖ್ಯೆಯ ರೂಪ ನಿಲ್ಲುವುದು ನಮಗೆ ಹೊಸದಲ್ಲ.

ದಿನ, ವಾರ, ತಿಂಗಳು, ಅಂದರೆ ಯೋಮ್, ಶವೂವಾ, ಖೋದೆಶ್, ಮೂರೂ ಪುಲ್ಲಿಂಗ. ಅವುಗಳಿಗೆ ಬರುವ ಸಂಖ್ಯೆ: ಎಖಾದ್, ಶ್ನಾಯಿಮ್, ಶ್ಲೋಶಾ, ಅರ್ಬಾಆ, ಖಮಿಶಾ, ಶಿಶಾ, ಶಿವ್ಆ, ಶ್ಮೋನಾ, ತಿಶ್ಆ, ಅಸಾರಾ.

ಗಂಟೆ ಮತ್ತು ವರ್ಷ, ಅಂದರೆ ಶಾಆ ಮತ್ತು ಶನಾ, ಸ್ತ್ರೀಲಿಂಗ. ಅವುಗಳಿಗೆ: ಅಖಾತ್, ಶ್ತಾಯಿಮ್, ಶಾಲೋಶ್, ಅರ್ಬಾ, ಖಾಮೇಶ್, ಶೇಶ್, ಶೆವಾ, ಶ್ಮೋನೆ, ತೇಶಾ, ಎಸೆರ್.

ಗಮನಿಸಿ: ಹೀಬ್ರೂನಲ್ಲಿ ‘ಆ’ ಅಂತ್ಯ ಸಾಮಾನ್ಯವಾಗಿ ಹೆಣ್ಣಿನ ಗುರುತು. ಮೂರರಿಂದ ಹತ್ತರವರೆಗಿನ ಸಂಖ್ಯೆಯಲ್ಲಿ ಮಾತ್ರ ಅದು ತಲೆಕೆಳಗು, ಗಂಡಿಗೆ ಉದ್ದದ ರೂಪ, ಹೆಣ್ಣಿಗೆ ಗಿಡ್ಡ ರೂಪ. ಹಾಗಾಗಿ ಶ್ಲೋಶಾ ಯಮಿಮ್ ಮೂರು ದಿನ; ಶಾಲೋಶ್ ಶನಿಮ್ ಮೂರು ವರ್ಷ. ಒಂದೇ ತಾರೀಖಿನಲ್ಲಿ ಎರಡೂ ಬರುತ್ತವೆ. 6 ಜುಲೈ 2026 ಎನ್ನಲು: ಶಿಶಾ ಬೆ-ಯುಲಿ, ಅಲ್ಪಾಯಿಮ್ ಎಸ್ರಿಮ್ ವೆ-ಶೇಶ್. ದಿನದ ಆರು ಶಿಶಾ, ವರ್ಷದ ಆರು ಶೇಶ್.

ಬೀದಿಯಲ್ಲಿ ಅಲ್ಲಿಯವರೇ ಗಂಡಿನ ಜಾಗದಲ್ಲಿ ಗಿಡ್ಡ ರೂಪ ಹಾಕುವುದನ್ನು ಕೇಳುತ್ತೀರಿ. ಕೇಳಿ ತಬ್ಬಿಬ್ಬಾಗಬೇಡಿ. ನೀವು ಮಾತ್ರ ಸರಿಯಾದದ್ದನ್ನೇ ಕಲಿಯಿರಿ, ಸಡಿಲ ಮಾಡುವುದು ಆಮೇಲೆ ಸುಲಭ.

ನಿನ್ನೆ, ನಾಳೆ, ಎರಡು ದಿನ

ಇವತ್ತು ಹಯೋಮ್, ನಿನ್ನೆ ಎತ್ಮೋಲ್, ಮೊನ್ನೆ ಶಿಲ್ಶೋಮ್, ನಾಳೆ ಮಖಾರ್, ನಾಡಿದ್ದು ಮೋಖ್ರತಾಯಿಮ್. ಕನ್ನಡದಂತೆ ಮೊನ್ನೆ, ನಾಡಿದ್ದುಗಳಿಗೆ ಒಂದೊಂದೇ ಪದ; ಇಂಗ್ಲಿಷಿನ ಹಾಗೆ ಸುತ್ತಿ ಹೇಳಬೇಕಿಲ್ಲ.

“ಹಯೋಮ್ ಯೋಮ್ ರಿಶೋನ್” ಎಂದರೆ “ಇವತ್ತು ಭಾನುವಾರ”. ಎರಡರಲ್ಲೂ ಕ್ರಿಯಾಪದವೇ ಇಲ್ಲ. ಇಂಗ್ಲಿಷಿನ ಮೂಲಕ ಬಂದವರು ನಡುವೆ ಒಂದು ಪದ ತುರುಕಲು ಹುಡುಕುತ್ತಾರೆ, ಅಲ್ಲಿ ಏನೂ ಬೇಕಾಗಿಲ್ಲ. ನಿನ್ನೆಯ ಮಾತಾದರೆ ಹಾಯಾ, ನಾಳೆಯದಾದರೆ ಯಿಹಿಯೆ ಸೇರುತ್ತದೆ: ಎತ್ಮೋಲ್ ಹಾಯಾ ಶಬಾತ್, ಮಖಾರ್ ಯಿಹಿಯೆ ಯೋಮ್ ಶೆನಿ.

ನಮ್ಮಲ್ಲಿ ಇಲ್ಲದ್ದು ದ್ವಿವಚನ. ಸಂಸ್ಕೃತ ಓದಿದವರಿಗೆ ಗೊತ್ತು. ಎರಡು ದಿನ ಯೋಮಾಯಿಮ್, ಎರಡು ವಾರ ಶ್ವುವಾಯಿಮ್, ಎರಡು ತಿಂಗಳು ಖೋದ್ಶಾಯಿಮ್, ಎರಡು ವರ್ಷ ಶ್ನತಾಯಿಮ್, ಎರಡು ಗಂಟೆ ಶಾತಾಯಿಮ್. ‘ಲಿಫ್ನೇ’ ಸೇರಿಸಿದರೆ ಹಿಂದೆ, ‘ಬೆಓದ್’ ಸೇರಿಸಿದರೆ ಇನ್ನು ಅಷ್ಟು ಕಾಲಕ್ಕೆ: ಲಿಫ್ನೇ ಯೋಮಾಯಿಮ್, ಎರಡು ದಿನದ ಹಿಂದೆ, ಬೆಓದ್ ಶ್ವುವಾಯಿಮ್, ಇನ್ನು ಎರಡು ವಾರಕ್ಕೆ. ಔಷಧಿ ಯಾವಾಗ ಕೊಟ್ಟಿರಿ ಎಂದು ನರ್ಸ್ ಕೇಳಿದಾಗ ಬೇಕಾಗುವ ಮಾತು ಇದು.

ಹಬ್ಬ ಕೇಳಿದರೆ ಹಳೆಯ ಪಂಚಾಂಗ

ಹಬ್ಬ, ಮದುವೆಯ ಆಹ್ವಾನ, ತೀರಿಹೋದವರ ವಾರ್ಷಿಕ ಸ್ಮರಣೆಗಳಲ್ಲಿ ಬರುವುದು ಹೀಬ್ರೂ ತಿಂಗಳು: ತಿಶ್ರೇ, ಖೆಶ್ವಾನ್, ಕಿಸ್ಲೇವ್, ತೇವೆತ್, ಶ್ವಾತ್, ಅದಾರ್, ನಿಸಾನ್, ಇಯ್ಯಾರ್, ಸಿವಾನ್, ತಮ್ಮೂಜ಼್, ಆವ್, ಎಲುಲ್. ಹೆಸರುಗಳು ಬ್ಯಾಬಿಲೋನಿನಿಂದ ಬಂದವು. ಇಂಗ್ಲಿಷ್ ಪುಸ್ತಕಗಳು ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತವೆ. ಯುಗಾದಿ ಆಚರಿಸುವ ಮನೆಯವರಿಗೆ ಇಷ್ಟು ಸಾಕು: ಅಮಾವಾಸ್ಯೆ ಕಳೆದು ತಿಂಗಳು ಶುರು, ಹದಿನೈದಕ್ಕೆ ಹುಣ್ಣಿಮೆ, ಋತು ಜಾರದಂತೆ ಆಗಾಗ ಒಂದು ಅಧಿಕ ಮಾಸ. ಬಿಸುವಿನ ಸೌರ ಲೆಕ್ಕದಲ್ಲಿ ಬೆಳೆದ ತುಳುನಾಡಿನವರು ಯುಗಾದಿಯ ಲೆಕ್ಕವನ್ನು ನೆನೆಸಿಕೊಳ್ಳಬೇಕು.

ಮುಖ್ಯ ವ್ಯತ್ಯಾಸ ಒಂದು. ನಮ್ಮಲ್ಲಿ ಅಧಿಕ ಮಾಸ ಬೇರೆಬೇರೆ ತಿಂಗಳಲ್ಲಿ ಬೀಳುತ್ತದೆ. ಅಲ್ಲಿ ಯಾವಾಗಲೂ ಅದಾರ್. ಪೆಸಖ್ ಹಬ್ಬ ವಸಂತದಲ್ಲೇ ಬರಬೇಕೆಂಬ ನಿಯಮಕ್ಕಾಗಿ ಅದರ ಹಿಂದಿನ ತಿಂಗಳನ್ನು ಎರಡು ಮಾಡುತ್ತಾರೆ, ಅದಾರ್ ಅಲೆಫ್ ಮತ್ತು ಅದಾರ್ ಬೇತ್. 19 ವರ್ಷಕ್ಕೆ ಇಂಥ ಏಳು ವರ್ಷ. ಮುಂದಿನದು 2027ರ ವಸಂತಕ್ಕೆ ಮುಂಚೆ. 2024, 2025, 2026 ಈ ಮೂರೂ ವರ್ಷ ನಮ್ಮ ಚೈತ್ರ ಶುದ್ಧ ಪಾಡ್ಯ ಮತ್ತು ನಿಸಾನ್ ತಿಂಗಳ ಮೊದಲ ದಿನ ಒಂದೇ ತಾರೀಖಿಗೆ ಬಂದವು: ಏಪ್ರಿಲ್ 9, ಮಾರ್ಚ್ 30, ಮಾರ್ಚ್ 19. ಹಾಗೆಂದು ಇದನ್ನೇ ನಂಬಿ ಕೂರುವಂತಿಲ್ಲ. ಅಧಿಕ ಮಾಸ ಬೀಳುವ ವರ್ಷ ಬೇರೆಯಾದ್ದರಿಂದ 2021ರಲ್ಲಿ ನಿಸಾನ್ ಮಾರ್ಚ್ 14ಕ್ಕೇ ಶುರುವಾಗಿತ್ತು, ನಮ್ಮ ಯುಗಾದಿ ಏಪ್ರಿಲ್ 13ಕ್ಕೆ.

ಈ ಪಂಚಾಂಗದಲ್ಲಿ ತಾರೀಖನ್ನು ಅಕ್ಷರದಲ್ಲಿ ಹೇಳುತ್ತಾರೆ. ಯೋದ್ ಹತ್ತು, ಕಾಫ್ ಇಪ್ಪತ್ತು, ಉಳಿದದ್ದನ್ನು ಕೂಡಿಸುತ್ತಾ ಹೋಗುವುದು. ಹದಿನೈದು, ಹದಿನಾರು ಮಾತ್ರ ಬೇರೆ: ಹದಿನೈದು ಹತ್ತು ಕೂಡಿಸು ಐದು ಅಲ್ಲ, ಒಂಬತ್ತು ಕೂಡಿಸು ಆರು; ಹದಿನಾರು ಒಂಬತ್ತು ಕೂಡಿಸು ಏಳು. ಹತ್ತರ ಅಕ್ಷರಕ್ಕೆ ಐದರದ್ದೋ ಆರರದ್ದೋ ಸೇರಿದರೆ ದೇವರ ಹೆಸರಿನ ಅಕ್ಷರಗಳಾಗುತ್ತವೆಂದು ಬಿಡುತ್ತಾರೆ. ಶ್ವಾತ್ ಹದಿನೈದರ ಗಿಡಮರಗಳ ಹಬ್ಬಕ್ಕೆ ತು ಬಿ-ಶ್ವಾತ್ ಎಂಬ ಹೆಸರು ಬಂದದ್ದು ಒಂಬತ್ತು ಮತ್ತು ಆರರ ಅಕ್ಷರಗಳಿಂದಲೇ. ಜೆರುಸಲೇಮಿನಲ್ಲಿ ಕಾಫ್ ತೇತ್ ಬೆ-ನೋವೆಂಬೆರ್ ಎಂಬ ರಸ್ತೆ ಇದೆ. ತಾರೀಖು ಅಕ್ಷರದಲ್ಲಿ, ತಿಂಗಳು ನಮ್ಮ ನವೆಂಬರ್. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯಲ್ಲಿ ನಡೆದ ಮತದಾನದ ನೆನಪು ಅದು.

ಸೆಪ್ಟೆಂಬರಿನಲ್ಲಿ ಯಾವ ಕಚೇರಿಗೆ ಹೋದರೂ “ಅಖರೇ ಹ-ಖಗಿಮ್” ಎಂಬ ಉತ್ತರ ಸಿಗಬಹುದು: ಹಬ್ಬಗಳಾದ ಮೇಲೆ ಬನ್ನಿ. ತಿಶ್ರೇ ತಿಂಗಳ ಸಾಲುಹಬ್ಬ ಮುಗಿಯಬೇಕು ಎಂದರ್ಥ. 2026ರಲ್ಲಿ ಹೊಸವರ್ಷ ಸೆಪ್ಟೆಂಬರ್ 11ರ ಸಂಜೆ ಶುರುವಾಗಿ ಸಾಲು ಮುಗಿಯುವುದು ಅಕ್ಟೋಬರ್ 3ಕ್ಕೆ. ವೀಸಾ, ಬ್ಯಾಂಕಿನ ಕೆಲಸವಿದ್ದರೆ ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಿ.

ಋತು ನಾಲ್ಕು, ಮಳೆ ಚಳಿಗಾಲದಲ್ಲಿ

ಅವೀವ್ ವಸಂತ, ಕಾಯಿತ್ಸ್ ಬೇಸಿಗೆ, ಸ್ತಾವ್ ಶರತ್ತು, ಖೋರೆಫ್ ಚಳಿಗಾಲ. ತೆಲ್ ಅವೀವ್ ಎಂಬ ಊರಿನ ಹೆಸರಲ್ಲಿರುವುದು ಈ ಅವೀವೇ.

ಪದ ನಾಲ್ಕೇ, ಆದರೆ ಕರಾವಳಿಯಿಂದ ಹೋದವರ ಮನಸ್ಸಿನ ಲೆಕ್ಕ ಇಲ್ಲಿ ಪೂರ್ತಿ ಬದಲಾಗಬೇಕು. ನಮಗೆ ಜೂನ್ ಎಂದರೆ ಮಳೆ. ಅಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಹೆಚ್ಚೂಕಡಿಮೆ ಹನಿಯೂ ಬೀಳುವುದಿಲ್ಲ. ಮಳೆ ಬರುವುದು ಚಳಿಯ ಜೊತೆಗೆ. ಆದ್ದರಿಂದ ‘ಮಳೆಗಾಲದಲ್ಲಿ’ ಎನ್ನಬೇಕಾದಾಗ ಹೆಚ್ಚಾಗಿ ಬ-ಖೋರೆಫ್ ಎಂದರೇ ಸಾಕು. ನೀವು ಊರಿನ ಮಳೆಗಾಲವನ್ನು ವಿವರಿಸುತ್ತಿದ್ದರೆ “ಎತ್ಸ್ಲೇನು ಯೋರೆದ್ ಗೆಶೆಮ್ ಬ-ಕಾಯಿತ್ಸ್” ಎನ್ನಿ, ‘ನಮ್ಮಲ್ಲಿ ಬೇಸಿಗೆಯಲ್ಲಿ ಮಳೆ ಬರುತ್ತದೆ’. ಕೇಳಿದವರು ಅಚ್ಚರಿಪಟ್ಟು ಮಾತು ಮುಂದುವರಿಸುತ್ತಾರೆ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಮಳೆಯನ್ನು ಕಾಯುವ ನಾಡಾದ್ದರಿಂದ ಮೊದಲ ಮಳೆಗೂ ಕೊನೆಯ ಮಳೆಗೂ ಹೆಸರಿದೆ. ಶರತ್ತಿನಲ್ಲಿ ಬೀಳುವ ಮೊದಲ ಮಳೆ ಯೋರೆ, ವಸಂತದ ಕೊನೆಯ ಮಳೆ ಮಲ್ಕೋಶ್. ಎರಡೂ ಬೈಬಲಿನ ಕಾಲದ ಪದಗಳು. ಮಳೆನಕ್ಷತ್ರಗಳ ಹೆಸರು ಹಿಡಿದು ಬಿತ್ತನೆಯ ಮಾತಾಡುವ ನಮ್ಮ ರೈತರ ಮನೆಯ ಮಕ್ಕಳಿಗೆ ಇವು ಬೇಗ ಹತ್ತಿರವಾಗುತ್ತವೆ. ವಸಂತದಲ್ಲೂ ಶರತ್ತಿನಲ್ಲೂ ಮರುಭೂಮಿಯಿಂದ ಬೀಸುವ ಬಿಸಿ ಒಣಗಾಳಿಗೆ ಶರಾವ್ ಎನ್ನುತ್ತಾರೆ, ಮಾತಿನಲ್ಲಿ ಖಮ್ಸಿನ್. ರೇಡಿಯೋದಲ್ಲಿ ಈ ಪದ ಕೇಳಿದರೆ ಹಿರಿಯರಿಗೆ ಹೆಚ್ಚು ನೀರು ಕುಡಿಸಿ, ಕಿಟಕಿ ಮುಚ್ಚಿ.

ಋತುವನ್ನು ಕಣ್ಣಿಂದ ಗುರುತಿಸುವುದೂ ಅಲ್ಲಿಯ ರೂಢಿ. ಬೇಸಿಗೆಯ ಕೊನೆಗೆ ಬರಿ ನೆಲದಿಂದ ಖತ್ಸಾವ್ ಎಂಬ ಬಿಳಿ ಹೂವಿನ ದಂಟು ಎದ್ದಿತೆಂದರೆ ಸ್ತಾವ್ ಬಂತು ಎನ್ನುತ್ತಾರೆ. ಶ್ವಾತ್ ತಿಂಗಳ ಹೊತ್ತಿಗೆ ಬಾದಾಮಿ ಮರ ಹೂ ಬಿಡುತ್ತದೆ.

ಹವೆಯ ಮಾತಿಗೆ ಕನ್ನಡವೇ ಗುರು. ‘ನನಗೆ ಚಳಿ’ ಎಂದರೆ ಕಾರ್ ಲಿ, ‘ನನಗೆ ಸೆಕೆ’ ಎಂದರೆ ಖಾಮ್ ಲಿ. ಲಿ ಎಂದರೆ ನನಗೆ. ಅಜ್ಜಿಯನ್ನು ಕೇಳುವುದಾದರೆ “ಸಾವ್ತಾ, ಕಾರ್ ಲಾಖ್?”, ಅಜ್ಜನನ್ನಾದರೆ “ಸಾಬಾ, ಕಾರ್ ಲೆಖಾ?” ಕನ್ನಡದ ‘ನಿನಗೆ’ ಇಬ್ಬರಿಗೂ ಒಂದೇ, ಅಲ್ಲಿ ಎರಡು.

ಹೆಚ್ಚಾಗಿ ಆಗುವ ತಪ್ಪುಗಳು

“ಅನಿ ಕಾರ್” ಎನ್ನುವುದು. ಅನಿ ಎಂದರೆ ನಾನು. ಇಂಗ್ಲಿಷಿನಿಂದ ತಂದ ಈ ವಾಕ್ಯಕ್ಕೆ ನಾನು ಭಾವನೆಯಿಲ್ಲದ ಮನುಷ್ಯ ಎಂಬ ಅರ್ಥ ಬರುತ್ತದೆ. “ಅನಿ ಖಾಮ್” ಇನ್ನೂ ಮುಜುಗರದ ಅರ್ಥಕ್ಕೆ ಜಾರುತ್ತದೆ. ‘ನನಗೆ’ ಬಿಡಬೇಡಿ.

‘ಬೆ’ ಮತ್ತು ‘ಬ’ ಅದಲುಬದಲು. ವಾರ, ತಿಂಗಳ ಹೆಸರಿಗೆ ಬೆ: ಬೆ-ಯೋಮ್ ರಿಶೋನ್, ಬೆ-ಮಾಯ್. ಋತು, ಹೊತ್ತಿಗೆ ಬ: ಬ-ಕಾಯಿತ್ಸ್, ಬ-ಎರೆವ್.

ಎರಡು ವರ್ಷಕ್ಕೆ ‘ಶ್ತೇ ಶನಿಮ್’ ಎನ್ನುವುದು. ಅರ್ಥವಾಗುತ್ತದೆ, ಯಾರೂ ಹಾಗೆ ಹೇಳುವುದಿಲ್ಲ. ಶ್ನತಾಯಿಮ್ ಎನ್ನಿ.

ಗಡಿಯಾರದ ಬದಲಾವಣೆ ಮರೆಯುವುದು. ಮಾರ್ಚಿನ ಕೊನೆಯ ಭಾನುವಾರಕ್ಕೆ ಮುಂಚಿನ ಶುಕ್ರವಾರ ನಸುಕಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದೆ ಬರುತ್ತದೆ. ಶಾಓನ್ ಕಾಯಿತ್ಸ್, ಶಾಓನ್ ಖೋರೆಫ್ ಎಂಬ ಮಾತು ಕೇಳಿದರೆ ಊರಿಗೆ ಫೋನ್ ಮಾಡುವ ಸಮಯವನ್ನೂ ತಿದ್ದಿಕೊಳ್ಳಿ. ನಮ್ಮ ಗಡಿಯಾರ ಬದಲಾಗುವುದಿಲ್ಲ. ಅಂತರ ಬೇಸಿಗೆಯಲ್ಲಿ ಎರಡೂವರೆ ಗಂಟೆ, ಚಳಿಗಾಲದಲ್ಲಿ ಮೂರೂವರೆ.

ಅಭ್ಯಾಸ ಹೇಗೆ?

ಅಲ್ಲಿಯದೇ ಒಂದು ಗೋಡೆ ಕ್ಯಾಲೆಂಡರ್ ತಂದು ನೇತುಹಾಕಿ. ಭಾನುವಾರದ ಸಾಲು ಬಲತುದಿಯಲ್ಲಿರುತ್ತದೆ, ಶಬಾತ್ ಎಡತುದಿಯಲ್ಲಿ. ಎಡದಿಂದ ಓದುವ ನಮ್ಮ ಕಣ್ಣು ಶಬಾತನ್ನೇ ವಾರದ ಮೊದಲ ದಿನ ಎಂದುಕೊಳ್ಳುತ್ತದೆ, ಆ ತಪ್ಪು ಆಗದಂತೆ ಮೊದಲ ವಾರ ಬೆರಳಿಟ್ಟು ಓದಿ. ಒಂದೇ ಚೌಕದಲ್ಲಿ ಅಂಕಿಯ ತಾರೀಖೂ ಅಕ್ಷರದ ತಾರೀಖೂ ಇರುತ್ತವೆ. ಮೊದಲು ಅಂಕಿ ಸಾಕು.

ಬೆಳಿಗ್ಗೆ ಅದರ ಮುಂದೆ ನಿಂತು ಐದು ವಾಕ್ಯ ಗಟ್ಟಿಯಾಗಿ ಹೇಳಿ: ಇವತ್ತು ಯಾವ ವಾರ, ಎಷ್ಟನೇ ತಾರೀಖು, ನಿನ್ನೆ ಯಾವ ವಾರ, ನಾಳೆ ಯಾವ ವಾರ, ಹೊರಗೆ ಹವೆ ಹೇಗಿದೆ. ಮನೆಯಲ್ಲಿ ಹಿರಿಯರಿದ್ದರೆ “ಮಾ ಹ-ತಾರಿಖ್ ಹಯೋಮ್?” ಎಂದು ಅವರನ್ನೇ ಕೇಳಿ. ತಾರಿಖ್ ಎಂಬ ಪದವನ್ನು ಪ್ರತ್ಯೇಕವಾಗಿ ಕಲಿಯಬೇಕಿಲ್ಲ. ನಮ್ಮ ತಾರೀಖಿಗೆ ಅರಬ್ಬಿಯ ಮೂಲಕ ಅದರ ನಂಟಿದೆ. ಅವರು ಹೇಳಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಹುಡುಕಿ ತೋರಿಸಿ. ಹಬ್ಬ ಹತ್ತಿರವಿದ್ದರೆ ಇನ್ನೆಷ್ಟು ದಿನ ಎಂದು ಕೇಳಿ, “ಓದ್ ಕಾಮಾ ಯಮಿಮ್?” ಉತ್ತರದಲ್ಲಿ ಗಂಡು ಸಂಖ್ಯೆ ತಾನಾಗಿ ಕಿವಿಗೆ ಬೀಳುತ್ತದೆ, ಅದರ ಜೊತೆಗೆ ಅವರ ಚಿಕ್ಕಂದಿನ ಹಬ್ಬದ ಕಥೆಯೂ ಬಂದರೆ ಕುಳಿತು ಕೇಳಿ.